ಕೆನ್ನೆಯ ಮೇಲಿನ ಮಚ್ಚೆ

ತಪ್ಪು ಕಂಪ್ಯೂಟರಿನದು, ತನ್ನದಲ್ಲ ಎಂದು ಮೇದಿನಿ ಮೂರು ದಿನದಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಮನಸ್ಸು ಮಾತ್ರ ಒಪ್ಪುತ್ತಿರಲಿಲ್ಲ. ಅಕ್ಕನ ಫೋಟೋವನ್ನು ಗಂಡಿನ ಕಡೆಯವರಿಗೆ ಕಳಿಸುವ ಮುನ್ನ ಯಾರಿಗೂ ಹೇಳದೆ ತಿದ್ದಿದವಳು ಅವಳೇ. ಅದನ್ನು ನೋಡಿದವರು, ಹುಡುಗಿಗೆ ತೊನ್ನು ಇರುವಂತಿದೆ ಎಂದು ಸಂಬಂಧವನ್ನೇ ಬೇಡವೆಂದಿದ್ದರು.

"ಆ ಸ್ಟುಡಿಯೋದವನಿಗೆ ನಾಲ್ಕು ಮಾತು ಬೈದು ಬರ್ತೀನಿ," ಎಂದು ಅಕ್ಕ ಚಪ್ಪಲಿ ಮೆಟ್ಟಿದಾಗ ಮೇದಿನಿ ಬಾಗಿಲಿಗೆ ಅಡ್ಡ ನಿಂತಳು.

"ಅವರದ್ದೇನೂ ತಪ್ಪಿಲ್ಲ ಅಕ್ಕ. ನಾನೇ ಅದನ್ನ ಎಂಟು ಬಿಟ್‌ನಲ್ಲಿ ತಿದ್ದಿಬಿಟ್ಟೆ."

"ಹಾಗಂದ್ರೇನೇ?"

"ಅದ್ರಲ್ಲಿ ಒಂದೊಂದು ಬಣ್ಣಕ್ಕೂ ಗಾಢದಿಂದ ತಿಳಿವರೆಗೆ ಇನ್ನೂರೈವತ್ತಾರೇ ಮೆಟ್ಟಿಲು. ಹದಿನಾರು ಬಿಟ್ ಆದ್ರೆ ಸಾವಿರಾರು. ಕಮ್ಮಿ ಮೆಟ್ಟಿಲಿದ್ದಾಗ ಜಾಸ್ತಿ ಬೆಳಕು ಕೊಟ್ರೆ ಬಣ್ಣ ಒಡ್ದು ಹೋಗುತ್ತೆ. ನಿನ್ನ ಕೆನ್ನೆ ಮೇಲೆ ಮಚ್ಚೆ ಮಚ್ಚೆ ಕಂಡಿದ್ದು ಅದೇ."

"ಓಹೋ, ರಂಗೋಲಿಗೆ ಬಣ್ಣ ಸಾಲದೆ ತೇಪೆ ಹಾಕ್ದಂಗೆ!" ಅಕ್ಕ ನಕ್ಕುಬಿಟ್ಟಳು. "ಹೋಗ್ಲಿ ಬಿಡೇ, ಬೇಕಂತ ಮಾಡಿದ್ಯಾ? ಮೂರು ದಿನದಿಂದ ಸರಿಯಾಗಿ ಉಣ್ಣದೆ ಕೂತಿದ್ದು ಇದಕ್ಕಾ?"

ಮೇದಿನಿ ಹೌದೆಂದು ತಲೆಯಾಡಿಸಿದಳು. ಎದೆ ಹಗುರಾಗಬೇಕಿತ್ತು, ಆಗಲಿಲ್ಲ.

ಅಕ್ಕ ಚಪ್ಪಲಿ ಕಳಚಿ, ಮೇಜಿನ ಮೇಲಿದ್ದ ಫೋಟೋವನ್ನು ಮತ್ತೊಮ್ಮೆ ಕೈಗೆತ್ತಿಕೊಂಡಳು. "ಅಲ್ಲ ಕಣೇ, ಸ್ಟುಡಿಯೋದವ್ನು ಕಣ್ಣು ಕುಕ್ಕೋ ಹಂಗೆ ಮೂರು ಲೈಟ್ ಹಾಕಿದ್ದ. ಅದರ ಮೇಲೂ ಬೆಳಕು ಯಾಕೆ ಬೇಕಾಯ್ತು?"

ಮೇದಿನಿ ನೆಲ ನೋಡುತ್ತ ಹೇಳಿದಳು, "ನೀನು ಕಪ್ಪಗಿದ್ದೀಯ ಅಂತ ನಂಗೇ ನಾಚ್ಕೆ ಆಗಿತ್ತು ಅಕ್ಕ."