ಚೆಪ್ಪು ಅಂದವನು ಅವನೇ

“ತಪ್ಪಾಯ್ತು ಅಂತ ಒಂದು ಮಾತು ಅಂದ್ಬಿಡಮ್ಮ. ಮೇಸ್ತ್ರಿ ದೂರು ವಾಪಸ್ ತಗೋತಾನೆ. ನೀನು ಮನೆಗೆ ಹೋಗು.”

“ಅನ್ನಾಕಿಲ್ಲ ಸಾಮಿ. ಚಾರ್ಜ್ ಆಕ್ರಿ.”

ದಫೇದಾರ್ ಶ್ರೀರಾಮಪ್ಪನವರು ಲೇಖನಿ ಕೆಳಗಿಟ್ಟರು. ಚಾರ್ಜ್ ಹಾಕಬೇಡಿ ಎಂದು ಕಾಲು ಹಿಡಿದವರನ್ನು ಅವರು ಬೇಕಾದಷ್ಟು ನೋಡಿದ್ದರು. ಹಾಕಿ ಎಂದು ಜಗಳಕ್ಕೆ ನಿಂತವಳು ಇವಳೊಬ್ಬಳೇ.

ಕದಿರಮ್ಮ ಚಿನ್ನದ ಗಣಿಯ ಮೈಸೂರು ಮೈನ್ಸ್ ಕಡೆ ಕೂಲಿ ಮಾಡಿಕೊಂಡಿದ್ದ ಹೆಂಗಸು. ಅವಳು ಮಾಡಿದ್ದು ಇಷ್ಟೇ. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನ ನಟ್ಟನಡುವೆ, ಮೇಸ್ತ್ರಿ ಆಂಜಿನಪ್ಪನ ಮುಖಕ್ಕೆ ಚಪ್ಪಲಿಯಲ್ಲಿ ಬಾರಿಸಿದ್ದಳು. ಲಾರಿ ಟೈರಿನ ಅಟ್ಟೆ, ಹಿಮ್ಮಡಿಗೆ ಕಬ್ಬಿಣದ ಮೊಳೆ. ಮುಂದಿನ ಹಲ್ಲೊಂದು ಮುರಿದು ಬಿತ್ತು. ಬರೀ ಏಟಾಗಿದ್ದರೆ ಗದರಿಸಿ ಕಳಿಸಬಹುದಿತ್ತು. ಹಲ್ಲು ಹೋದರೆ ಕಾನೂನಿನ ಕಣ್ಣಿಗೆ ಅದು ಭಾರಿ ಗಾಯ. ಜೈಲು ತಪ್ಪಿದ್ದಲ್ಲ.

ಆಂಜಿನಪ್ಪ ಈಗ ಸಣ್ಣ ಆಸಾಮಿಯೂ ಅಲ್ಲ. ಗಡಿಯಾಚೆಯ ತೆಲುಗು ಸೀಮೆಯಿಂದ ಬರಿಗೈಲಿ ಬಂದವನು, ಕಂಟ್ರಾಕ್ಟರ್ ದೊಡ್ಡವೆಂಕಟಪ್ಪನವರ ಕೈಕೆಳಗೆ ಮೇಸ್ತ್ರಿಯಾಗಿ, ಹೋದ ವೈಶಾಖದಲ್ಲಿ ಅವರ ಮಗಳನ್ನೇ ಮದುವೆಯಾಗಿದ್ದ. ಏಟು ಬಿದ್ದಾಗ ಮಾವ ಪಕ್ಕದಲ್ಲೇ ಇದ್ದರು. ಕೈಹಿಡಿದು ಎಳೆತಂದು ದೂರು ಕೊಡಿಸಿದವರೂ ಅವರೇ.

“ಈಯಮ್ಮ ನಿನಗೆ ಮೊದಲೇ ಗೊತ್ತಾ?” ಎಂದು ದಫೇದಾರರು ಅವನನ್ನು ಕೇಳಿದ್ದರು.

“ಮುಖಾನೇ ನೋಡಿಲ್ಲ ಸಾರ್, ದೇವ್ರಾಣೆ. ದಾರಿಗಡ್ಡ ಬಂದು ನಿಂತ್ಲು. ‘ಎವರು ನುವ್ವು? ಏಂ ಕಾವಾಲ? ಚೆಪ್ಪು!’ ಅಂದೆ. ಯಾರು ನೀನು, ಏನು ಬೇಕು, ಹೇಳು ಅಂತ. ಅಷ್ಟಕ್ಕೇ ಬಾರಿಸಿದ್ಲು.”

ಮಾವ ಹೌದೆಂದು ತಲೆಯಾಡಿಸಿದರು. ಶ್ರೀರಾಮಪ್ಪನವರು ಹಾಗೇ ಬರೆದುಕೊಂಡು ಸಹಿ ಹಾಕಿಸಿದ್ದರು.

“ಯಾಕಮ್ಮ ಹೊಡೆದೆ? ಅದನ್ನಾದರೂ ಹೇಳು,” ಎಂದರು ಈಗ.

“ಏಳಕ್ಕೆ ಓದ ತಿಂಗಳೇ ನಿಮ್ಮತ್ರ ಬಂದಿದ್ದೆ. ನೀವು ತಲೆ ಎತ್ತಲಿಲ್ಲ. ಸಾಕ್ಷಿ ತಂದ್ರೆ ಚಾರ್ಜು, ಇಲ್ದಿದ್ರೆ ದಾರಿ ನೋಡ್ಕೋ ಅಂದ್ರಿ. ಇನ್ನು ಕೋರ್ಟಲ್ಲೇ ಏಳ್ತೀನಿ.”

ಶ್ರೀರಾಮಪ್ಪನವರಿಗೆ ನೆನಪಾಗಲಿಲ್ಲ. ಆ ಮಾತನ್ನು ಅವರು ಹೇಳದ ದಿನವೇ ಇರಲಿಲ್ಲ.

ಬಾಗಿಲಲ್ಲಿದ್ದ ಪೇದೆ ಕೋದಂಡಪ್ಪ, “ಮಹಾತಲ್ಲಿ ಅತ್ತಾರಿಂಟಿಕಿ ವಚ್ಚಿಂದಿ” ಎಂದು ತೆಲುಗಿನಲ್ಲಿ ಗೇಲಿ ಮಾಡಿದ. ಮಹಾತಾಯಿ ಅತ್ತೆಮನೆಗೆ ಬಂದಳಂತೆ. ಕದಿರಮ್ಮ ತಟ್ಟನೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭುಜ ಕುಲುಕಿತು. ಅಳುತ್ತಿದ್ದಾಳೆ ಅಂದುಕೊಂಡು ದಫೇದಾರರು ಮುಖ ತಿರುಗಿಸಿದರು. ಚಾರ್ಜ್‌ಶೀಟು ಬರೆದರು.

ಕೋರ್ಟಿಗೆ ಅವಳು ಒಂಟಿ ಮೆಟ್ಟಿನಲ್ಲಿ ಬಂದಳು. ಇನ್ನೊಂದು, ಚೀಟಿ ಕಟ್ಟಿಸಿಕೊಂಡು, ಮ್ಯಾಜಿಸ್ಟ್ರೇಟರ ಮುಂದಿನ ಮೇಜಿನ ಮೇಲೆ ಕೂತಿತ್ತು.

“ಚಾರ್ಜನ್ನು ನಿನಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಬೇಕು. ಯಾವ ಭಾಷೆ ಬರುತ್ತದೆ?”

“ಕನ್ನಡ ಒಂದೇ ಸಾಮಿ.”

ಆಂಜಿನಪ್ಪ ಬೆಚ್ಚಿ ತಲೆಯೆತ್ತಿದ.

“ಓದುವ ಮುಂಚೆ ನೀನು ಹೇಳುವುದೇನಾದರೂ ಇದೆಯೇ?”

“ಐತೆ. ನಾನು ಬೂದಿಕೋಟೆ ಕಡೇಳು. ತೆಲುಗು ಬರಾಕಿಲ್ಲ. ಸಂತೇಲಿ ಮೆಟ್ಟು ಮಾರೋರು ಕೂಗ್ತಾರಲ್ಲ, ಆ ಒಂದು ಮಾತು ಗೊತ್ತು. ಜೊತೆಯಾದ್ರೆ ಚೆಪ್ಪುಲು, ಒಂದಾದ್ರೆ ಚೆಪ್ಪು. ಈವಯ್ಯ ನನ್ನ ನೋಡಿ ಅದೇನೋ ಅಂದು, ಕೊನೇಗೆ ‘ಚೆಪ್ಪು’ ಅಂದ. ಒಂದು ಕೇಳ್ದ, ಒಂದು ಕೊಟ್ಟೆ. ವಸಿ ಜೋರಾಗಿ ಬಿತ್ತು.”

ಕೋರ್ಟೇ ಗೊಳ್ಳೆಂದಿತು. ಜವಾನ ಗದರಿಸಲು ಹೋಗಿ ತಾನೂ ನಕ್ಕ. ಮ್ಯಾಜಿಸ್ಟ್ರೇಟರು ದೂರನ್ನು ಓದಿದರು. ‘ಚೆಪ್ಪು’ ಅಲ್ಲಿ ಹಾಗೇ ಇತ್ತು.

“ಈಕೆಗೆ ತೆಲುಗು ಗೊತ್ತು ಎನ್ನಲು ಯಾರಾದರೂ ಇದ್ದಾರೆಯೇ?”

ಶ್ರೀರಾಮಪ್ಪನವರು ಎದ್ದರು. “ಇಲ್ಲ ಸ್ವಾಮಿ. ಈಕೆ ಯಾರೆಂಬುದೇ ಫಿರ್ಯಾದಿಗೆ ಗೊತ್ತಿಲ್ಲ.”

“ಹಾಗಿದ್ದರೆ ಬೇಕೆಂದೇ ಹೊಡೆದಳು ಅನ್ನುವುದು ಹೇಗ್ರೀ? ಚಾರ್ಜ್ ನಿಲ್ಲುವುದಿಲ್ಲ.” ಮ್ಯಾಜಿಸ್ಟ್ರೇಟರು ಪೆನ್ನಿನ ಮುಚ್ಚಳ ತೆಗೆದರು.

ದೊಡ್ಡವೆಂಕಟಪ್ಪನವರು ಅಳಿಯನ ಪಕ್ಕೆಗೆ ತಿವಿದರು. “ಬಾಯಿಗೆ ಬೀಗ ಬಿತ್ತೇನಪ್ಪ? ಹಲ್ಲೂ ಹೋಯ್ತು, ಮಾನಾನೂ ಹೋಯ್ತು. ಏನಾರ ಅನ್ನು!”

ಆಂಜಿನಪ್ಪನ ಹಣೆಯಲ್ಲಿ ಬೆವರಿಳಿಯುತ್ತಿತ್ತು.

ಕದಿರಮ್ಮ ನಿಧಾನವಾಗಿ ಅವನತ್ತ ತಿರುಗಿದಳು. ಕಾಲುಂಗುರದ ಬೆರಳಿನಿಂದ ಉಳಿದೊಂದು ಮೆಟ್ಟನ್ನೂ ಕಳಚಿ ಮುಂದೆ ತಳ್ಳಿದಳು.

“ಇದೂ ಬೇಕೇನಣ್ಣ? ಚೆಪ್ಪು.”

ಅಣ್ಣ ಅಂದದ್ದೇ ತಡ, ಅವನು ಬೆಂಚು ಉರುಳುವಂತೆ ಎದ್ದ.

“ಸುಳ್ಳು ಸಾರ್! ಇವಳಿಗಾ ತೆಲುಗು ಬರಲ್ಲ? ನಾನು ತಾಳಿ ಕಟ್ಟಿದ ದಿನದಿಂದ ತೆಲುಗಲ್ಲೇ ನನ್ನ ಪ್ರಾಣ ತಿಂದವ್ಳೆ!”

ನಗು ನಿಂತಿತು. ಅಳಿಯನ ತೋಳಿನ ಮೇಲಿದ್ದ ದೊಡ್ಡವೆಂಕಟಪ್ಪನವರ ಕೈ ತಾನಾಗಿ ಜಾರಿ ಬಿತ್ತು. ಹೆಂಡತಿ ಇರುವಾಗಲೇ ಇನ್ನೊಬ್ಬಳನ್ನು ಕಟ್ಟಿಕೊಂಡರೆ ಜೈಲು ಎಂಬ ಹೊಸ ಕಾಯ್ದೆ ಆಗ ಎಲ್ಲರ ಬಾಯಲ್ಲೂ ಇತ್ತು. ಮ್ಯಾಜಿಸ್ಟ್ರೇಟರು ಹೊಸ ಹಾಳೆಯೊಂದನ್ನು ಎಳೆದುಕೊಂಡರು.

“ಸಾಕ್ಷಿನಿ ತೆಚ್ಚಿನಾ ಸಾಮೀ,” ಅಂದಳು ಕದಿರಮ್ಮ ದಫೇದಾರರಿಗೆ, ಅಚ್ಚ ತೆಲುಗಿನಲ್ಲಿ. ಆಮೇಲೆ ಕನ್ನಡದಲ್ಲಿ: “ನೀವು ಕೇಳಿದ ಸಾಕ್ಷಿ ತಂದಿವ್ನಿ. ಈಗ ಆಕ್ರಿ ಚಾರ್ಜು.”