ಸೀಟಿನ ಮೇಲಿನ ಟವೆಲ್

ಹಾಲಿನ ಡೇರಿಯಲ್ಲಿ ಕರೆಂಟು ಹೋಗಿ ಬಂದಿತ್ತು. ಹೊರಗೆ ಕ್ಯಾನುಗಳ ಸಾಲು ಬೆಳೆಯುತ್ತಿತ್ತು. ಹಾಲು ತೂಗುವ ನಾಗವೇಣಿ ಲೆಕ್ಕ ಇಡುವ ಸರ್ವರ್ ಪ್ರೋಗ್ರಾಂ ಶುರು ಮಾಡಹೋದರೆ, ‘ಈ ಜಾಗ ಹಿಡಿದಾಗಿದೆ’ ಎಂದು ಸಾರುವ ಲಾಕ್ ಫೈಲ್ ಒಂದು ಅಡ್ಡ ನಿಂತಿತು. ಅವಳು ಕಂಪ್ಯೂಟರ್ ರಿಪೇರಿಯವನಿಗೆ ಫೋನ್ ಮಾಡಿದಳು.

“ಅದೇ ಲೆಕ್ಕದ ಮೇಲೆ ಇನ್ನೊಂದು ಸರ್ವರ್ ಎದ್ದಿದ್ರೆ ನುಗ್ಗಬೇಡಿ ಅಕ್ಕಾ. ಎರಡೂ ಸೇರಿ ಊರಿನ ಹಾಲಿನ ಲೆಕ್ಕಾನೆಲ್ಲ ಕಲಸಿಬಿಡ್ತವೆ. ಎದ್ದಿರೋ ಸರ್ವರ್ ಫೈಲಲ್ಲಿ ತನ್ನ ಗುರುತು ಬರೆದಿರ್ತದೆ, ನೋಡಿ.”

“ಏನೂ ಇಲ್ಲ ಕಣಪ್ಪ, ಖಾಲಿ.”

“ಹಂಗಾದ್ರೆ ಅದು ಕರೆಂಟ್ ಹೋದಾಗ ಸತ್ತ ಸರ್ವರ್ ಬಿಟ್ಟೋಗಿದ್ದು. ಬಸ್ ಸೀಟಿಗೆ ಟವೆಲ್ ಹಾಕಿ ಇಳಿದು ಹೋದಂಗೆ. ಎತ್ತಿ ಬಿಸಾಕಿ!”

ನಾಗವೇಣಿ ಫೈಲ್ ಅಳಿಸಿದಳು. ಅವಳ ಸರ್ವರ್ ಎದ್ದಿತು, ತೂಕ ಶುರುವಾಯಿತು. ಅಷ್ಟರಲ್ಲಿ ಸೆಕ್ರೆಟರಿ ಚೆಲುವಯ್ಯನವರು ಒಳಕೋಣೆಯಿಂದ ನಗುತ್ತ ಬಂದರು.

“ಸ್ವಲ್ಪ ತಡಿಯವ್ವಾ. ನನ್ನ ಕಂಪ್ಯೂಟರಿಂದ ಈಗಷ್ಟೇ ಸರ್ವರ್ ಶುರು ಮಾಡಿದೀನಿ, ಇನ್ನೂ ಏಳ್ತಾ ಐತೆ. ಲಾಕ್ ಫೈಲ್ ಹಾಕಾಯ್ತು, ಅದರಲ್ಲಿ ಗುರುತು ಬರೆಯೋದೊಂದೇ ಬಾಕಿ.”