ನೀರಿಗೆ ಹೇಳಿದ ಮಾತು

ಅಳಿವೆಯ ದಡದ ಆ ಕೇರಿಯಲ್ಲಿ ಹೇಳಿದ ಮಾತನ್ನು ನೀರು ತಪ್ಪದೆ ಕೇಳುತ್ತಿತ್ತು. ಅದಕ್ಕೇ ಇಂಜಿನಿಯರ್ ಸುಗಂಧಿ ಅಳೆದು ತೂಗಿ ಮಾತಾಡುತ್ತಿದ್ದಳು. ಪಾರ್ಕಿಗೆಂದು ಬಿಟ್ಟ ಜಾಗದಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಇವತ್ತು ಇಳಿಯದಿದ್ದರೆ ಪಕ್ಕದ ವಾರಿಜಕ್ಕನ ಮನೆಗೋಡೆ ಕುಸಿಯುವಂತಿತ್ತು. ಸುಗಂಧಿ ಹೊಸ ಚರಂಡಿಯತ್ತ ಕೈತೋರಿಸಿ, "ಹೋಗಿ ಬನ್ನಿ" ಎಂದಳು.

ನೀರು ಸದ್ದಿಲ್ಲದೆ ಹೊರಟಿತು.

"ಅಯ್ಯೋ ಮೇಡಂ, ಬನ್ನಿ ಅಂತ ಯಾಕೆ ಹೇಳಿದ್ದು ಮಾರಾಯ್ರೆ? ಇನ್ನು ಅದು ಬಾರದೆ ಇರ್ತದಾ?" ವಾರಿಜಕ್ಕ ತಲೆಗೆ ಕೈಹಚ್ಚಿದಳು.

"ಬರೀ ಹೋಗಿ ಅನ್ಲಿಕ್ಕೆ ಬಾಯಿ ಬರ್ಲಿಲ್ಲ ಅಕ್ಕ."

ವಾರಿಜಕ್ಕ ತಲೆಯಿಂದ ಕೈ ತೆಗೆದಳು. "ನನಗೂ ಬರುದಿಲ್ಲ ಬಿಡಿ. ಬಂದಾಗ ಕೂತ್ಕೊಳ್ಳಿಕ್ಕೆ ಒಂದು ಜಾಗ ಮಾಡಿ. ನನ್ನ ಗೋಡೆಯಿಂದ ದೂರ."

ಸುಗಂಧಿ ಪಾರ್ಕಿನ ನಕ್ಷೆಯಲ್ಲಿ ಉಯ್ಯಾಲೆಗಳನ್ನು ಸರಿಸಿ ಕೆರೆಯೊಂದನ್ನು ಬರೆದಳು. ಎಷ್ಟು ಆಳ ಬೇಕೆಂದು ಕೇಳಲು, ಚರಂಡಿಯ ಗುಂಟ ನೀರಿನ ಹಿಂದೆ ಓಡಿದಳು.